ಪಿಎಚ್.ಡಿ. ಒಂದೇ ಸಾಕಾ?

ನ್ಯೂಟ್ರಿಷನ್‌ನಲ್ಲಿ ಎಂ.ಎಸ್ಸಿ. ಆಗಿದೆ, ಪಿಎಚ್.ಡಿ. ಮಾಡಿದರೆ ಮುಂದೆ ಯೂನಿವರ್ಸಿಟಿಯಲ್ಲಿ ಸಂಶೋಧನಾ ತಂಡ ನಡೆಸಬಹುದಾ ಅಂತ ಕೇಳಿದ್ದೀರಿ. ಪಿಎಚ್.ಡಿ. ಬೇಕೇ ಬೇಕು, ಆದರೆ ಅದೊಂದೇ ಸಾಲದು. ಆಮೇಲೆ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ), ನಂತರ ನಿಮ್ಮದೇ ಹೆಸರಲ್ಲಿ ಗ್ರ್ಯಾಂಟ್, ಅಂದರೆ ಸಂಶೋಧನೆಗೆ ಸಿಗುವ ಹಣ. ಸಾಮಾನ್ಯವಾಗಿ ಗ್ರ್ಯಾಂಟ್ ಬಂದ ಮೇಲೇ ತಂಡ.

ಸ್ಟ್ಯಾಟಿಸ್ಟಿಕ್ಸ್ ಈಗಲೇ ಗಟ್ಟಿ ಮಾಡಿಕೊಳ್ಳಿ. ಫೀಲ್ಡ್‌ಗೂ ಇಳಿಯಿರಿ. ‘ನಿನ್ನೆ ಏನೇನು ತಿಂದಿರಿ’ ಅಂತ ಕೇಳುವ 24 ಗಂಟೆಗಳ ರೀಕಾಲ್ ಸುಲಭ ಅನ್ನಿಸುತ್ತದೆ, ಅಲ್ವಾ? ಜನ ಊಟದ ಲೆಕ್ಕ ಕೊಡುತ್ತಾರೆ. ಅಡುಗೆಗೆ ಹಾಕಿದ ಎಣ್ಣೆ, ನಡುವೆ ಬಾಯಿಗೆ ಹಾಕಿಕೊಂಡದ್ದು ಮರೆತೇಬಿಡುತ್ತಾರೆ. ಬೇಸರವಾಗದಂತೆ ಅದನ್ನು ಕೇಳಿ ತೆಗೆಯುವುದು ಓದಿ ಬರುವ ವಿದ್ಯೆಯಲ್ಲ.

ತಾಳ್ಮೆ ಇನ್ನೂ ಜಾಸ್ತಿ ಬೇಕು. ಮೊದಲೊಮ್ಮೆ ಮಗುವಿಗೆ ನರನಾಳದ ದೋಷ (ಮೆದುಳು, ಬೆನ್ನುಹುರಿ ಸರಿಯಾಗಿ ರೂಪುಗೊಳ್ಳದ ಹುಟ್ಟುದೋಷ) ಕಂಡಿದ್ದ ತಾಯಂದಿರಲ್ಲಿ, ಗರ್ಭಕ್ಕೆ ಮುಂಚಿನಿಂದಲೇ ಕೊಟ್ಟ ಫೋಲಿಕ್ ಆಸಿಡ್ (ಒಂದು ಬಿ ವಿಟಮಿನ್) ಆ ದೋಷವನ್ನು ಶೇ. 72ರಷ್ಟು ತಡೆಯಿತು ಅಂತ ಬ್ರಿಟನ್ ನೇತೃತ್ವದ ಟ್ರಯಲ್ 1991ರಲ್ಲೇ ತೋರಿಸಿತು. ಅಮೆರಿಕ 1998ರಲ್ಲಿ ಅದನ್ನು ಹಿಟ್ಟಿಗೆ ಸೇರಿಸುವುದನ್ನು ಕಡ್ಡಾಯ ಮಾಡಿತು. ಬ್ರಿಟನ್ ಸರ್ಕಾರ ಹೂಂ ಅಂದದ್ದು 2021ರಲ್ಲಿ! ಪೇಪರ್ ಬರೆದು ಸುಮ್ನೆ ಕೂರುವ ಹಾಗಿಲ್ಲ, ಸಮಿತಿಗಳಲ್ಲಿ ವರ್ಷಗಟ್ಟಲೆ ವಾದಿಸುವುದೂ ಈ ಹುದ್ದೆಯ ಕೆಲಸವೇ.

ಗೈಡ್ ಆರಿಸುವಾಗ ಅವರ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಅಂತ ವಿಚಾರಿಸಿ.