ಕ್ಯಾನ್ಸರೂ ಕೆರೆಯ ಮೀನೂ ಒಂದೇ ಹೆಸರಿನಡಿ

ಪ್ರಶ್ನೆ: ನನ್ನ ತಂಗಿಯ ಮಗಳು ಪಿಎಚ್.ಡಿ.ಗೆ ಮಾರ್ಗದರ್ಶಕರನ್ನು ಹುಡುಕುತ್ತಿದ್ದಾಳೆ. ಬೆಂಗಳೂರಿನ ಪ್ರಾಧ್ಯಾಪಕಿಯೊಬ್ಬರ ಹೆಸರು ಹಾಕಿ ಅಂತರ್ಜಾಲದಲ್ಲಿ ನೋಡಿದರೆ 70ಕ್ಕೂ ಹೆಚ್ಚು ಪ್ರಬಂಧಗಳು ಸಿಗುತ್ತವೆ. ಅರ್ಧದಷ್ಟು ಕ್ಯಾನ್ಸರ್ ಚಿಕಿತ್ಸೆ ಮುಗಿಸಿದವರ ಆಯಾಸ, ಹೃದಯದ ತೊಂದರೆಗಳನ್ನು ಕುರಿತವು. ಉಳಿದವು ನೀರಿಗೆ ಸೇರಿದ ವಿಷದಿಂದ ಮೀನುಗಳಿಗಾಗುವ ಹಾನಿಯನ್ನು ಕುರಿತವು. ಒಬ್ಬರೇ ಹೀಗೆ ಎರಡು ದೋಣಿಯಲ್ಲಿ ಕಾಲಿಡಲು ಸಾಧ್ಯವೇ? ಈ ಪಟ್ಟಿಯನ್ನು ನಂಬಬಹುದೇ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ನನ್ನ ಮೊದಲ ಅನುಮಾನ ಹೆಸರಿನ ಮೇಲೆಯೇ. ನಮ್ಮವರ ಇನಿಷಿಯಲ್‌ಗಳಲ್ಲಿ ಊರಿನ ಹೆಸರೂ ಇರುತ್ತದೆ, ತಂದೆಯ ಹೆಸರೂ ಇರುತ್ತದೆ. ವಿದೇಶಿ ಪತ್ರಿಕೆಗಳು ಕುಟುಂಬದ ಹೆಸರು ಕೇಳಿದಾಗ ಒಬ್ಬರು ಒಮ್ಮೆ ಊರನ್ನೂ ಇನ್ನೊಮ್ಮೆ ತಂದೆಯ ಹೆಸರನ್ನೂ ಬರೆದುಬಿಡುತ್ತಾರೆ. ಹೀಗಾಗಿ ಒಬ್ಬರ ಕೆಲಸ ಎರಡು ಹೆಸರುಗಳಲ್ಲಿ ಹಂಚಿಹೋಗುವುದೂ ಇಬ್ಬರ ಕೆಲಸ ಒಂದೇ ಹೆಸರಿನಡಿ ಬೆರೆತುಹೋಗುವುದೂ ಉಂಟು. ವೈದ್ಯಕೀಯ ಪ್ರಬಂಧಗಳ ಅಂತರ್ಜಾಲ ಸೂಚಿಯಾದ ಪಬ್‌ಮೆಡ್‌ನಲ್ಲಿ 2002ಕ್ಕೆ ಹಿಂದಿನ ಬಹುತೇಕ ದಾಖಲೆಗಳಲ್ಲಿ ಲೇಖಕರ ಕುಟುಂಬದ ಹೆಸರಿನ ಜೊತೆ ಇನಿಷಿಯಲ್‌ಗಳಷ್ಟೇ ಇವೆ ಎಂಬುದನ್ನು ನೆನೆದರೆ ಗೊಂದಲ ಎಷ್ಟೆಂದು ತಿಳಿಯುತ್ತದೆ. ಇದಕ್ಕೆ ಪರಿಹಾರವಾಗಿ 2012ರಲ್ಲಿ ಆರಂಭವಾದದ್ದು ಆರ್ಕಿಡ್ ಎಂಬ 16 ಅಂಕಿಗಳ ಗುರುತಿನ ಸಂಖ್ಯೆ. ಪ್ರಾಧ್ಯಾಪಕಿಯವರ ಆ ಸಂಖ್ಯೆಯಡಿ ಎರಡೂ ಬಗೆಯ ಪ್ರಬಂಧಗಳಿವೆಯೇ ಎಂದು ನೋಡಿ. ಸಂಖ್ಯೆ ಸಿಗದಿದ್ದರೆ ಪ್ರಬಂಧಗಳ ಮೊದಲ ಪುಟದಲ್ಲಿರುವ ಸಂಸ್ಥೆಯ ವಿಳಾಸ, ಇಮೇಲ್, ಸಹಲೇಖಕರ ಹೆಸರುಗಳನ್ನು ಹೋಲಿಸಿದರೂ ಸಾಕು. ಮೀನಿನ ಪ್ರಬಂಧಗಳ ಸಹಲೇಖಕರಲ್ಲಿ ಒಬ್ಬರೂ ಕ್ಯಾನ್ಸರ್ ಪ್ರಬಂಧಗಳಲ್ಲಿ ಕಾಣದಿದ್ದರೆ ಅವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳಾಗಿರುವ ಸಂಭವವೇ ಹೆಚ್ಚು.

ಒಬ್ಬರೇ ಎಂದು ಖಚಿತವಾದರೆ ಗಾಬರಿಯಾಗಬೇಕಿಲ್ಲ, ಏಕೆಂದರೆ ಈ ಎರಡು ದೋಣಿಗಳು ನೀವು ಎಣಿಸಿದಷ್ಟು ದೂರದಲ್ಲಿಲ್ಲ. ಚಿಕಿತ್ಸೆಯ ನಂತರದ ಬದುಕು ವೈದ್ಯವಿಜ್ಞಾನದ ಪ್ರತ್ಯೇಕ ವಿಷಯವಾಗಿ ಬೆಳೆಯಲು ಒಂದು ಮುಖ್ಯ ಪ್ರೇರಣೆ, ಸ್ವತಃ ಕ್ಯಾನ್ಸರ್ ಅನುಭವಿಸಿದ ಅಮೆರಿಕದ ವೈದ್ಯ ಫಿಟ್ಜ್‌ಹ್ಯೂ ಮುಲ್ಲನ್ 1985ರಲ್ಲಿ ಬರೆದ ಲೇಖನ. ಈ ಕ್ಷೇತ್ರದ ದೊಡ್ಡ ಚಿಂತೆಗಳಲ್ಲಿ ಒಂದು ಔಷಧಿಯ ತಡವಾದ ಪರಿಣಾಮ: ಸ್ತನ ಕ್ಯಾನ್ಸರಿಗೂ ಲಿಂಫೋಮಾಕ್ಕೂ ಕೊಡುವ ಡಾಕ್ಸೊರುಬಿಸಿನ್, ಗುಣವಾಗಿ ವರ್ಷಗಳೇ ಕಳೆದ ಮೇಲೂ ಹೃದಯವನ್ನು ದುರ್ಬಲಗೊಳಿಸಬಲ್ಲದು. ಇದನ್ನು ಪರೀಕ್ಷಿಸಲು ವಿಜ್ಞಾನಿಗಳು ಬಳಸುವ ಜೀವಿಗಳಲ್ಲಿ ಜೀಬ್ರಾ ಮೀನೂ ಒಂದು. ಅದರ ಭ್ರೂಣ ಪಾರದರ್ಶಕ. ಮೊಟ್ಟೆ ಫಲಿತಗೊಂಡ ಒಂದು ದಿನದ ಆಸುಪಾಸಿನಲ್ಲೇ ಹೃದಯ ಮಿಡಿಯಲು ತೊಡಗುತ್ತದೆ, ಅದನ್ನು ಕೊಯ್ಯದೆಯೇ ಸೂಕ್ಷ್ಮದರ್ಶಕದಡಿ ಮಿಡಿತಗಳನ್ನು ಎಣಿಸಬಹುದು. ಜಲ ವಿಷಶಾಸ್ತ್ರದವರ ಮೇಜಿನ ಮೇಲಿರುವುದೂ ಇದೇ ಮೀನು. ಇನ್ನೊಂದು ದಾರಿಯೂ ಇದೆ. ಸೈಕ್ಲೊಫಾಸ್ಫಮೈಡ್‌ನಂಥ ಕ್ಯಾನ್ಸರ್ ಔಷಧಿಯ ಒಂದಂಶ ರೋಗಿಯ ಮೂತ್ರದಲ್ಲಿ ಹಾಗೆಯೇ ಹೊರಬಿದ್ದು ಚರಂಡಿ ಸೇರುತ್ತದೆ, ಸಾಮಾನ್ಯ ಶುದ್ಧೀಕರಣ ಘಟಕಗಳಲ್ಲಿ ಸುಲಭವಾಗಿ ಕೊಳೆಯುವುದಿಲ್ಲ. ಊರಿನ ಕೊಳಚೆ ನೀರು ಬೆಳ್ಳಂದೂರು ಕೆರೆ ಸೇರುವುದನ್ನು ದಶಕಗಳಿಂದ ನೋಡುತ್ತ ಬಂದಿರುವ ನಮಗೆ ಆಸ್ಪತ್ರೆಯಿಂದ ಮೀನಿನವರೆಗಿನ ದಾರಿಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಸಾಧ್ಯತೆ, ಅವರು ಸಂಖ್ಯಾಶಾಸ್ತ್ರದವರಾಗಿರುವುದು. ಮೀನಿನ ತೊಟ್ಟಿಯಲ್ಲಿ 96 ಗಂಟೆಗಳಲ್ಲಿ ಅರ್ಧದಷ್ಟು ಮೀನು ಸಾಯಲು ಎಷ್ಟು ಸಾಂದ್ರತೆಯ ವಿಷ ಬೇಕೆಂಬ ಲೆಕ್ಕವೂ, 1958ರಲ್ಲಿ ಕಪ್ಲಾನ್ ಮತ್ತು ಮೈಯರ್ ರೂಪಿಸಿದ ವಿಧಾನದಲ್ಲಿ ರೋಗಿಗಳ ಬದುಕುಳಿಯುವ ಅವಧಿಯನ್ನು ಅಂದಾಜಿಸುವ ಲೆಕ್ಕವೂ ಪಳಗಿದ ಕೈಗೆ ನೆಂಟರೇ. ಮೀನು ತೊಟ್ಟಿ ಬಿಟ್ಟು ಹೋಗುವುದಿಲ್ಲ ಎಂಬುದೊಂದೇ ಅನುಕೂಲ. ಕಲಬುರಗಿಯಿಂದ ಕಿದ್ವಾಯಿ ಆಸ್ಪತ್ರೆಗೆ ಬಂದ ರೋಗಿ ಚಿಕಿತ್ಸೆ ಮುಗಿಸಿ ಊರಿಗೆ ಮರಳಿ, ಫೋನ್ ನಂಬರ್ ಬದಲಾಯಿಸಿದರೆ ಸಂಪರ್ಕವೇ ತಪ್ಪಿಹೋಗುತ್ತದೆ, ಮತ್ತು ಹೀಗೆ ನಡುವೆ ಕಣ್ಮರೆಯಾದವರನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಲೆಂದೇ ಆ ವಿಧಾನ ಹುಟ್ಟಿದ್ದು.

ಯಾವುದು ನಿಜವೆಂದು ಲೇಖಕರ ಸಾಲೇ ಬಹುಮಟ್ಟಿಗೆ ಹೇಳುತ್ತದೆ. ವೈದ್ಯಕೀಯ ಮತ್ತು ಜೀವವಿಜ್ಞಾನದ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸದ ಬಹುಭಾಗವನ್ನು ಹೊತ್ತವರದು, ಕೊನೆಯ ಹೆಸರು ಪ್ರಯೋಗಾಲಯ ನಡೆಸುವವರದು. ಪ್ರಾಧ್ಯಾಪಕಿ ಎರಡೂ ವಿಷಯಗಳಲ್ಲಿ ಸದಾ ನಡುವೆಯೇ ಇದ್ದರೆ ಅವರು ಲೆಕ್ಕಕ್ಕೆ ನೆರವಾದವರಿರಬಹುದು; ಮೀನಿನ ಪ್ರಬಂಧಗಳಲ್ಲಿ ಮಾತ್ರ ಕೊನೆಯಲ್ಲಿದ್ದರೆ ಅವರ ಪ್ರಯೋಗಾಲಯ ಯಾವುದೆಂದು ಬೇರೆ ಕೇಳಬೇಕಿಲ್ಲ. ಎಚ್-ಇಂಡೆಕ್ಸ್ ನೋಡಿ ಮರುಳಾಗಬೇಡಿ. 2005ರಲ್ಲಿ ಭೌತವಿಜ್ಞಾನಿ ಹಿರ್ಶ್ ಸೂಚಿಸಿದ ಈ ಅಳತೆಯಲ್ಲಿ 20 ಎಂದರೆ ತಲಾ 20 ಬಾರಿಯಾದರೂ ಉಲ್ಲೇಖಗೊಂಡ 20 ಪ್ರಬಂಧಗಳು ಇವೆ ಎಂದಷ್ಟೇ ಅರ್ಥ. ಇಬ್ಬರ ಪಟ್ಟಿ ಬೆರೆತಿದ್ದರೆ ಅದೂ ಉಬ್ಬುತ್ತದೆ. ಕಳೆದ 3 ವರ್ಷಗಳಲ್ಲಿ ಅವರ ಹೆಸರು ಕೊನೆಯಲ್ಲಿರುವ ಎರಡು ಪ್ರಬಂಧಗಳನ್ನು ನಿಮ್ಮ ತಂಗಿಯ ಮಗಳು ಪೂರ್ತಿ ಓದಲಿ, ಆಮೇಲೆ ಭೇಟಿಗೆ ಸಮಯ ಕೇಳಲಿ, ಮತ್ತು ಅವರ ಈಗಿನ ವಿದ್ಯಾರ್ಥಿಗಳು ದಿನವಿಡೀ ಕೂರುವುದು ಆಸ್ಪತ್ರೆಯ ವಾರ್ಡಿನಲ್ಲೋ ಮೀನಿನ ತೊಟ್ಟಿಯ ಮುಂದೋ ಕಂಪ್ಯೂಟರಿನ ಮುಂದೋ ಎಂದು ಆ ವಿದ್ಯಾರ್ಥಿಗಳನ್ನೇ ವಿಚಾರಿಸಲಿ.