ಜಪಾನಿನಲ್ಲಿ ಬೇರುಬಿಟ್ಟದ್ದು ಇರಾಕಿನಲ್ಲಿ ಯಾಕೆ ಬಿಡಲಿಲ್ಲ?

ಪ್ರಶ್ನೆ: ಅಮೆರಿಕ ಎಲ್ಲಿಗೆ ಸೈನ್ಯ ಕಳಿಸಿದರೂ ‘ಪ್ರಜಾಪ್ರಭುತ್ವಕ್ಕಾಗಿ’ ಅನ್ನುತ್ತದೆ. ನಮ್ಮ ಮನೆಯಲ್ಲಿ ಇದೇ ಜಗಳ. ಎಲ್ಲ ಪೆಟ್ರೋಲಿಗಾಗಿ ಆಡುವ ನಾಟಕ ಅಂತ ನಾನು. ಜಪಾನ್ ನೋಡಿ, ಎಷ್ಟು ಚೆನ್ನಾಗಿದೆ ಅಂತ ನನ್ನ ಮಗ. ಯಾರು ಸರಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಬ್ಬರೂ ಅರ್ಧ ಸರಿ ಅಂದುಬಿಟ್ಟರೆ ಜಗಳ ನಿಲ್ಲುವುದಿಲ್ಲ. ಮೊದಲು ನಿಮ್ಮ ಮಗನ ಜಪಾನನ್ನೇ ನೋಡೋಣ.

1945ರಲ್ಲಿ ಸೋತ ಮೇಲೆ ಜಪಾನ್ ಅಮೆರಿಕದ ಜನರಲ್ ಮ್ಯಾಕ್‌ಆರ್ಥರ್ ಕೈಗೆ ಬಂತು. ಅಲ್ಲಿನ ಸರ್ಕಾರ ತಯಾರಿಸಿದ ಹೊಸ ಸಂವಿಧಾನದ ಕರಡು ಹಳೆ ಗೋಡೆಗೇ ಸುಣ್ಣ ಬಳಿದ ಹಾಗಿತ್ತು. ಸರಿ, ನಾವೇ ಬರೆಯೋಣ ಅಂತ ಮ್ಯಾಕ್‌ಆರ್ಥರ್ 1946ರ ಫೆಬ್ರವರಿಯಲ್ಲಿ ತಮ್ಮ ಕಚೇರಿಯವರನ್ನೇ ಕೂರಿಸಿದರು. ಸುಮಾರು ಒಂದು ವಾರದಲ್ಲಿ ಕರಡು ಸಿದ್ಧವಾಯಿತು. ತಂಡದಲ್ಲಿ ಬಿಯಾಟೆ ಸಿರೋಟಾ ಎಂಬ 22 ವರ್ಷದ ಯುವತಿ ಇದ್ದರು. ಬೆಳೆದದ್ದು ಟೋಕಿಯೊದಲ್ಲೇ, ಜಪಾನಿ ಭಾಷೆ ಚೆನ್ನಾಗಿ ಬರುತ್ತಿತ್ತು. ಜೀಪಿನಲ್ಲಿ ಊರಿನ ಲೈಬ್ರರಿಗಳನ್ನು ಸುತ್ತಿ, ಬೇರೆ ಬೇರೆ ದೇಶಗಳ ಸಂವಿಧಾನಗಳನ್ನು ಎರವಲು ತಂದರು. ಗಂಡ–ಹೆಂಡತಿಗೆ ಸಮಾನ ಹಕ್ಕು ಕೊಡುವ 24ನೇ ವಿಧಿಯ ಕರಡು ಅವರದು.

ಹೊರಗಿನವರು ಹೇರಿದ್ದು ಅನ್ನಿಸುತ್ತದೆ, ಅಲ್ವಾ? ಆದರೆ ಕರಡಿನಲ್ಲಿ ಒಂದೇ ಸದನ ಇತ್ತು. ನಮಗೆ ಎರಡು ಬೇಕು ಅಂತ ಜಪಾನಿನವರು ಪಟ್ಟು ಹಿಡಿದು ಪಡೆದುಕೊಂಡರು. ಪ್ರತಿಯೊಬ್ಬರಿಗೂ ಕನಿಷ್ಠ ಮಟ್ಟದ ನೆಮ್ಮದಿಯ ಬದುಕಿನ ಹಕ್ಕಿದೆ ಎಂಬ ಮಾತನ್ನು ಸೇರಿಸಿದ್ದು ಅಲ್ಲಿನ ಸಮಾಜವಾದಿ ಸದಸ್ಯರು. ವೋಟು, ಪಕ್ಷ, ಸಂಸತ್ತು ಅವರಿಗೆ ಹೊಸದೂ ಅಲ್ಲ. ಸಂಸತ್ತು 1890ರಿಂದ ಇತ್ತು. 25 ದಾಟಿದ ಗಂಡಸರಿಗೆ ಮತದ ಹಕ್ಕು 1925ರಲ್ಲೇ ಬಂದಿತ್ತು. ಹೆಂಗಸರು ಮೊದಲ ಸಲ ವೋಟು ಹಾಕಿದ 1946ರ ಏಪ್ರಿಲ್ ಚುನಾವಣೆಯಲ್ಲಿ 39 ಮಹಿಳೆಯರು ಗೆದ್ದರು. 1947ರ ಮೇ 3ರಂದು ಜಾರಿಗೆ ಬಂದ ಆ ಸಂವಿಧಾನಕ್ಕೆ ಇಂದಿಗೂ ಒಂದೇ ಒಂದು ತಿದ್ದುಪಡಿ ಆಗಿಲ್ಲ. ಇನ್ನೊಂದು ವಿಷಯ: ಸೈನ್ಯವನ್ನು ವಿಸರ್ಜಿಸಿದರೂ ಸರ್ಕಾರಿ ಕಚೇರಿಗಳನ್ನು ಅಮೆರಿಕ ಮುಚ್ಚಲಿಲ್ಲ. ಹಳೆಯ ಗುಮಾಸ್ತರೇ ಬಂದು ಫೈಲು ತೆರೆಯುತ್ತಿದ್ದರು.

ಇರಾಕಿನಲ್ಲಿ ಆದದ್ದು ಇದರ ಉಲ್ಟಾ. 2003ರ ಮೇ 16ರಂದು ಅಮೆರಿಕದ ಆಡಳಿತಗಾರ ಪಾಲ್ ಬ್ರೆಮರ್, ಸದ್ದಾಂನ ಬಾತ್ ಪಕ್ಷದಲ್ಲಿ ಮೇಲಿನ ಸ್ಥಾನದಲ್ಲಿದ್ದವರನ್ನೆಲ್ಲ ಸರ್ಕಾರಿ ನೌಕರಿಯಿಂದ ತೆಗೆದರು. ಕೆಲಸ ಉಳಿಸಿಕೊಳ್ಳಲೆಂದೇ ಪಕ್ಷ ಸೇರಿದ್ದ ಮೇಷ್ಟ್ರುಗಳೂ ಮನೆಗೆ ಹೋದರು. ಒಂದು ವಾರ ಬಿಟ್ಟು, ಮೇ 23ರಂದು, ಸೈನ್ಯವನ್ನೇ ವಿಸರ್ಜಿಸಿದರು. ಸಂಬಳ ನಿಂತಿತು, ಬಂದೂಕು ಉಳಿಯಿತು. ಮುಂದಿನದನ್ನು ನೀವೇ ಊಹಿಸಬಹುದು. 2005ರ ಜನವರಿ 30ರಂದು ಚುನಾವಣೆಯೂ ಆಯಿತು. ನೇರಳೆ ಶಾಯಿ ಹಚ್ಚಿದ ಬೆರಳುಗಳ ಫೋಟೋ ಎಲ್ಲ ಪೇಪರುಗಳಲ್ಲೂ ಬಂತು. ಸುನ್ನಿಗಳಲ್ಲಿ ಬಹುಪಾಲು ಮಂದಿ ಮತಗಟ್ಟೆ ಕಡೆ ತಲೆ ಹಾಕಲಿಲ್ಲ. ಮರುವರ್ಷ ಬಾಗ್ದಾದಿನ ಬೀದಿಗಳಲ್ಲಿ ಶಿಯಾ–ಸುನ್ನಿ ಹೊಡೆದಾಟ. ಅಂದಹಾಗೆ, ಯುದ್ಧಕ್ಕೆ ಹೊರಡುವಾಗ ಕೊಟ್ಟ ದೊಡ್ಡ ಕಾರಣ ಸಾಮೂಹಿಕ ವಿನಾಶದ ಅಸ್ತ್ರಗಳು. ಅವು ಸಿಗದೇ ಹೋದ ಮೇಲೆ ಪ್ರಜಾಪ್ರಭುತ್ವದ ಮಾತು ಜಾಸ್ತಿಯಾಯಿತು.

ಈಗ ನಿಮ್ಮ ಪೆಟ್ರೋಲ್. 1951ರಲ್ಲಿ ಇರಾನಿನ ಸಂಸತ್ತು ಬ್ರಿಟಿಷ್ ಕಂಪನಿಯ ಕೈಯಲ್ಲಿದ್ದ ತೈಲವನ್ನು ರಾಷ್ಟ್ರೀಕರಣ ಮಾಡಿತು. ಅದರ ಮುಂದಾಳು ಮೊಸದ್ದೆಗ್ ಪ್ರಧಾನಿಯಾದರು. 1953ರ ಆಗಸ್ಟಿನಲ್ಲಿ ಅಮೆರಿಕ, ಬ್ರಿಟನ್‌ಗಳ ಗುಪ್ತಚರರು ಸೇರಿ ಅವರನ್ನು ಕೆಳಗಿಳಿಸಿದರು. ತನ್ನ ಪಾತ್ರ ಇತ್ತೆಂದು ಸಿಐಎ ದಾಖಲೆಗಳೇ 2013ರಲ್ಲಿ ಒಪ್ಪಿಕೊಂಡವು. ಇಲ್ಲಿ ನೀವು ಸರಿ.

ಆದರೆ ಎಲ್ಲವನ್ನೂ ಪೆಟ್ರೋಲಿಗೇ ಕಟ್ಟಬೇಡಿ. 1970ರ ಡಿಸೆಂಬರ್ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) 162 ಸ್ಥಾನಗಳಲ್ಲಿ 160 ಗೆದ್ದದ್ದು ಅವಾಮಿ ಲೀಗ್ ಪಕ್ಷ. ಪಾಕಿಸ್ತಾನದ ಸೇನೆ ಅಧಿಕಾರ ಬಿಟ್ಟುಕೊಡುವ ಬದಲು ಜನರ ಮೇಲೆ ಬಿತ್ತು. ಢಾಕಾದಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ 1971ರ ಏಪ್ರಿಲ್ 6ರಂದು ವಾಷಿಂಗ್ಟನ್‌ಗೆ ಒಂದು ಟೆಲಿಗ್ರಾಂ ಕಳಿಸಿದರು. 20 ಅಧಿಕಾರಿಗಳ ಸಹಿ ಇತ್ತು. ಪ್ರಜಾಪ್ರಭುತ್ವವನ್ನು ತುಳಿಯುತ್ತಿದ್ದರೂ ನಮ್ಮ ಸರ್ಕಾರ ಖಂಡಿಸುತ್ತಿಲ್ಲ ಅಂತ ನೇರವಾಗಿ ಬರೆದಿದ್ದರು. ಅಲ್ಲಿ ತೈಲದ ಮಾತೇ ಇರಲಿಲ್ಲ. ಅಮೆರಿಕದ ಅಧ್ಯಕ್ಷ ನಿಕ್ಸನ್‌ಗೆ ಚೀನಾದ ಬಾಗಿಲು ತೆರೆಯಲು ಪಾಕಿಸ್ತಾನ ಬೇಕಿತ್ತು, ಅಷ್ಟೇ. ಬ್ಲಡ್ ಅವರನ್ನು ಢಾಕಾದಿಂದ ಎತ್ತಂಗಡಿ ಮಾಡಿದರು. ಈ ಟೆಲಿಗ್ರಾಂ ಕಥೆಯನ್ನು ಮಗನಿಗೂ ಹೇಳಿ.

ಪ್ರಶ್ನೆ: ಬೇರೆ ದೇಶಗಳಲ್ಲಿ ಪ್ರಜಾಪ್ರಭುತ್ವಕ್ಕೆ ನೆರವಾಗುವ ಕೆಲಸವನ್ನು ಭಾರತ ಮಾಡುವುದಿಲ್ಲವೇ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ಸದ್ದಿಲ್ಲದೆ ಮಾಡುತ್ತದೆ, ಅದೂ ನಿಮ್ಮ ಊರಿನಿಂದಲೇ. ಮೈಸೂರು ಬಣ್ಣ ಮತ್ತು ಅರಗು ಕಾರ್ಖಾನೆಯ ಅಳಿಸಲಾಗದ ಶಾಯಿ 25ಕ್ಕೂ ಹೆಚ್ಚು ದೇಶಗಳಿಗೆ ಹೋಗಿದೆ. 2014ರಲ್ಲಿ ನಮೀಬಿಯಾದ ಜನ ವೋಟು ಒತ್ತಿದ್ದು ಬೆಂಗಳೂರಿನ ಬಿಇಎಲ್ ಮಾಡಿದ ಯಂತ್ರದಲ್ಲಿ. ಆದರೆ ತೀರ್ಪು ಕೊಡುವ ಪ್ರಶ್ನೆ ಬಂದಾಗ ನಾವೂ ಲೆಕ್ಕ ಹಾಕುತ್ತೇವೆ. 2021ರ ಫೆಬ್ರವರಿಯಲ್ಲಿ ಮ್ಯಾನ್ಮಾರ್ ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿತು. ಕಳವಳವಾಗಿದೆ ಅಂತ ಹೇಳಿದ ದೆಹಲಿ, ಜನರಲ್‌ಗಳ ಜೊತೆ ಮಾತುಕತೆ ಮಾತ್ರ ನಿಲ್ಲಿಸಲಿಲ್ಲ. 1,600 ಕಿ.ಮೀ.ಗೂ ಜಾಸ್ತಿ ಗಡಿ ಇದೆಯಲ್ಲ!