ಮಾರ್ಕೋನಿ ಕದ್ದದ್ದೇನು? ಓದುಗರ ಪ್ರಶ್ನೆ, ರೇಡಿಯೊ ಎಂಜಿನಿಯರ್ ಉತ್ತರ

ಪ್ರಶ್ನೆ: ರೇಡಿಯೊ ಕಂಡುಹಿಡಿದವರು ನಮ್ಮ ಜಗದೀಶಚಂದ್ರ ಬೋಸ್. ಮಾರ್ಕೋನಿ ಅದನ್ನು ಕದ್ದು ನೊಬೆಲ್ ಹೊಡೆದುಕೊಂಡ. ಪಠ್ಯಪುಸ್ತಕಗಳನ್ನು ಯಾಕೆ ಇನ್ನೂ ತಿದ್ದಿಲ್ಲ?

ನವೆಂಬರ್ 30, ಬೋಸರ ಜನ್ಮದಿನ ಬಂತೆಂದರೆ ವಾಟ್ಸಾಪಿನಲ್ಲಿ ಈ ಫಾರ್ವರ್ಡ್ ಶುರು. ‘ಕದ್ದ’ ಎನ್ನುವವರು ಏನನ್ನು ಕದ್ದ ಎಂದು ಮಾತ್ರ ಹೇಳುವುದಿಲ್ಲ. ನಾನೇ ಹೇಳುತ್ತೇನೆ. 1901ರ ಡಿಸೆಂಬರ್ 12ರಂದು, ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತ ಅಟ್ಲಾಂಟಿಕ್ ದಾಟಿ ನ್ಯೂಫೌಂಡ್‌ಲ್ಯಾಂಡಿನಲ್ಲಿ ತನಗೆ ಕೇಳಿಸಿತು ಎಂದ ಮಾರ್ಕೋನಿ. ಅವನು ಅಲ್ಲಿ ಬಳಸಿದ್ದು ಪಾದರಸದ ಹನಿಯಿದ್ದ ಒಂದು ಪುಟ್ಟ ಶೋಧಕ, ಅಂದರೆ ಬಂದ ರೇಡಿಯೊ ಅಲೆಯನ್ನು ಗುರುತಿಸುವ ಸಾಧನ; ಇಟಲಿಯ ನೌಕಾಪಡೆಯ ಗೆಳೆಯ ಸೊಲಾರಿ ಕೊಟ್ಟದ್ದು. ಕಬ್ಬಿಣ ಮತ್ತು ಪಾದರಸದ ಅಂಥದೇ ಶೋಧಕವನ್ನು ಬೋಸ್ 1899ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಪ್ರಬಂಧದಲ್ಲಿ ವಿವರಿಸಿದ್ದರು. ಅವರ ಹೆಸರು ಹೇಳಲಿಲ್ಲವೆಂಬ ಸಿಟ್ಟು ನ್ಯಾಯವಾದದ್ದು, ನನಗೂ ಇದೆ. ಆದರೆ ಪಕ್ಕದ ಮನೆಯಿಂದ ಹೆಪ್ಪು ತಂದ ಮಾತ್ರಕ್ಕೆ ಮೊಸರೆಲ್ಲ ಪಕ್ಕದ ಮನೆಯದೇ?

ಬೋಸ್ ಹಿಡಿದಿದ್ದ ದಾರಿಯೇ ಬೇರೆ. ಕಲ್ಕತ್ತೆಯಲ್ಲಿ ಅವರು ತಂತಿಯಿಲ್ಲದೆ, ಬರೀ ಅಲೆಗಳಿಂದಲೇ ಗೋಡೆಯಾಚೆ ಗಂಟೆ ಬಾರಿಸಿ, ಮದ್ದಿಗೆ ಕಿಡಿ ಹಚ್ಚಿ ತೋರಿಸಿದ್ದು ನಿಜ. ಆದರೆ ಅವರು ಹೆಚ್ಚಾಗಿ ಪಳಗಿಸಿದ್ದು ಕೆಲವೇ ಮಿಲಿಮೀಟರ್ ಉದ್ದದ ಅಲೆಗಳನ್ನು. ಅವು ಸಾಗರ ದಾಟುವ ಅಲೆಗಳಲ್ಲ. ಬೆಳಕಿನ ಹಾಗೆ ಅವೂ ಬಾಗುತ್ತವೆಯೇ, ಧ್ರುವೀಕರಣವಾಗುತ್ತವೆಯೇ (ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡಬಹುದೇ) ಎಂಬುದು ಅವರ ಕುತೂಹಲ. ತಂತಿ ಕಂಪನಿ ಕಟ್ಟುವ ಆಸೆ ಅವರಿಗಿರಲಿಲ್ಲ. ಪೇಟೆಂಟಿನ ಗೊಡವೆಯೇ ಬೇಡವೆಂದವರು, ಆಪ್ತರ ಒತ್ತಾಯಕ್ಕೆ ಗಲೀನಾ ಎಂಬ ಸೀಸದ ಅದಿರಿನ ಹರಳಿನ ಶೋಧಕಕ್ಕೆ ಅಮೆರಿಕದ ಪೇಟೆಂಟ್ ಪಡೆದರು, 1904ರಲ್ಲಿ. ಅರೆವಾಹಕ (ಸೆಮಿಕಂಡಕ್ಟರ್) ಸಾಧನಗಳ ವಂಶಾವಳಿಯಲ್ಲಿ ಅದು ಮೊದಲ ಸಾಲಿನದು. ಹೊಗಳಲು ಇಂಥ ಕೆಲಸ ಎದುರಿಗಿರುವಾಗ ಕಳ್ಳತನದ ಕತೆ ಯಾಕೆ ಬೇಕು?

ಇನ್ನೊಂದು ಮಾತು. ನೀವು ರೇಡಿಯೊ ಎನ್ನುವುದು ಹಾಡು, ವಾರ್ತೆ ಕೇಳಿಸುವ ಪೆಟ್ಟಿಗೆಯನ್ನು ತಾನೇ? ಅದು ಈ ಇಬ್ಬರದೂ ಅಲ್ಲ. ಮಾರ್ಕೋನಿಯ ಕಿಡಿಯಂತ್ರ ಕಳಿಸುತ್ತಿದ್ದದ್ದು ಮೋರ್ಸ್ ಚುಕ್ಕಿ-ಗೀಟು. ದನಿಯನ್ನು ಚೆನ್ನಾಗಿ ಸಾಗಿಸಲು ಕಡಿಯದೆ ಹರಿಯುವ ಅಲೆ ಬೇಕೆಂದು ಹಟ ಹಿಡಿದವನು ಫೆಸೆಂಡೆನ್ ಎಂಬ ಸಂಶೋಧಕ. 1906ರಲ್ಲಿ ಮೂರು ಎಲೆಕ್ಟ್ರೋಡಿನ ವಾಲ್ವ್ (ದುರ್ಬಲ ಸಂಕೇತವನ್ನು ಹಿಗ್ಗಿಸಬಲ್ಲ ಗಾಜಿನ ಬುರುಡೆ) ಮಾಡಿದ ಅಮೆರಿಕದ ಡಿ ಫಾರೆಸ್ಟ್‌ಗೆ ಅದು ಹೇಗೆ ಕೆಲಸ ಮಾಡುತ್ತದೆಂದೇ ಸರಿಯಾಗಿ ತಿಳಿದಿರಲಿಲ್ಲ! ತಿಳಿದುಕೊಂಡವನು ಎಡ್ವಿನ್ ಆರ್ಮ್‌ಸ್ಟ್ರಾಂಗ್, ಆಗಿನ್ನೂ ವಿದ್ಯಾರ್ಥಿ. 1918ರಲ್ಲಿ ಅವನು ರೂಪಿಸಿದ, ಬಂದ ಅಲೆಯನ್ನು ಒಂದೇ ಗೊತ್ತಾದ ಆವರ್ತನಕ್ಕೆ ಬದಲಿಸಿ ಹಿಗ್ಗಿಸುವ ಸೂಪರ್‌ಹೆಟರೊಡೈನ್ ಸರ್ಕ್ಯೂಟೇ ನಿಮ್ಮಜ್ಜನ ಟ್ರಾನ್ಸಿಸ್ಟರಿನಲ್ಲೂ ಇರುವುದು. 1933ರಲ್ಲಿ ಎಫ್‌ಎಂ ಪೇಟೆಂಟ್‌ಗಳು ಕೈಗೆ ಬಂದವು. ಆಮೇಲೆ ದೊಡ್ಡ ಕಂಪನಿಗಳ ಜೊತೆ ಕೋರ್ಟು ಅಲೆದು ಹಣ್ಣಾಗಿ 1954ರಲ್ಲಿ ಜೀವ ಕಳೆದುಕೊಂಡ. ರೇಡಿಯೊ ಇತಿಹಾಸದಲ್ಲಿ ಅನ್ಯಾಯಕ್ಕೆ ಸಿಟ್ಟಾಗಲೇಬೇಕೆಂದಿದ್ದರೆ ಇವನ ಪಾಲಿಗೂ ಒಂದಿಷ್ಟು ಸಿಟ್ಟಾಗಿ. ಇವನ ಬಗ್ಗೆ ನನಗೆ ಒಂದು ಫಾರ್ವರ್ಡೂ ಬಂದಿಲ್ಲ.

ಪ್ರಶ್ನೆ: 1943ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಟೆಸ್ಲಾನೇ ರೇಡಿಯೊ ಜನಕ ಎಂದು ತೀರ್ಪು ಕೊಟ್ಟಿತಲ್ಲವೆ?

ಇಲ್ಲ. ಟ್ಯೂನಿಂಗ್ ಕುರಿತ ಮಾರ್ಕೋನಿಯ ಒಂದು ಪೇಟೆಂಟಿನ ಕೆಲವು ಹಕ್ಕುಗಳನ್ನು ಅದು ರದ್ದು ಮಾಡಿತು, ಅಷ್ಟೆ.

ಪ್ರಶ್ನೆ: ಭಾರತದ ಮೊದಲ ರೇಡಿಯೊ ಕೇಂದ್ರ ನಮ್ಮ ಮೈಸೂರಿನದೇ?

ಅಲ್ಲ. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದು 1935ರಲ್ಲಿ. ಮುಂಬಯಿ ಕೇಂದ್ರ 1927ರದು.

ಪ್ರಶ್ನೆ: ತಾತನ ವಾಲ್ವ್ ರೇಡಿಯೊದಲ್ಲಿ ‘ಕೆಂಪು ಪಾದರಸ’ ಇದೆ, ಲಕ್ಷಗಟ್ಟಲೆ ಬೆಲೆ ಎಂದು ಒಬ್ಬರು ಫೋನ್ ಮಾಡುತ್ತಿದ್ದಾರೆ. ಬಿಚ್ಚಿ ನೋಡಲೇ?

ಬೇಡ! ಆ ಹೆಸರಿನ ಮಾಯಾವಸ್ತು ಯಾವ ರೇಡಿಯೊದಲ್ಲೂ ಇಲ್ಲ. ಪರೀಕ್ಷೆಗೆಂದು ಅವರು ಮುಂಗಡ ಕೇಳಿದರೆ ಪೊಲೀಸರಿಗೆ ಹೇಳಿ. ಪ್ಲಗ್ ಕಿತ್ತ ಮೇಲೂ ಅಂಥ ಸೆಟ್ಟಿನ ದೊಡ್ಡ ಕೆಪಾಸಿಟರಿನಲ್ಲಿ (ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಬಿಡಿಭಾಗ) 200–300 ವೋಲ್ಟ್ ಉಳಿದಿರಬಹುದು; ಕೆಲವು ಸೆಟ್ಟುಗಳಲ್ಲಿ ಪ್ಲಗ್ ಹಾಕಿದ್ದಾಗ ಚಾಸಿಗೇ, ಅಂದರೆ ಒಳಗಿನ ಲೋಹದ ಚೌಕಟ್ಟಿಗೇ, ಕರೆಂಟ್ ಬರುತ್ತದೆ. ಯೂಟ್ಯೂಬ್ ನೋಡಿ ಸ್ಕ್ರೂಡ್ರೈವರ್ ಹಿಡಿಯಬೇಡಿ. ವಾಲ್ವ್ ಸೆಟ್ ಬಲ್ಲ ಹಳೆಯ ಮೆಕ್ಯಾನಿಕ್ ಸಿಗುವವರೆಗೆ ಪ್ಲಗ್ಗನ್ನೂ ಹಾಕಬೇಡಿ.